ರಬ್ಬರಿನಿಂದ ರಬ್ಬರಿಗೆ

ನಮ್ಮ ಮನೆಯ ಕಿಟಕಿಗಳಿಗೆ ಪೊರೆ ಬಂದಿತ್ತು. ಕಣ್ಣಿಗೆ ಬಂದರೆ ತೆಗೆಯಲು ಡಾಕ್ಟರಿದ್ದಾರೆ. ಕಿಟಕಿಗೆ ಬಂದದ್ದನ್ನು ತೆಗೆಯಲು ನನ್ನ ಗಂಡ ಇದ್ದ.

ಅವು ಜೋಡಿ ಗಾಜಿನ ಕಿಟಕಿಗಳು. ಎರಡು ಗಾಜಿನ ನಡುವೆ ಬೆರಳಗಲ ಒಣಗಾಳಿ ಬಿಟ್ಟು, ಸುತ್ತ ಅಂಟು ಹಾಕಿ ಬಿಗಿದಿರುತ್ತಾರೆ. ಚಳಿಯೂ ಬಸ್ಸಿನ ಸದ್ದೂ ಹೊರಗೇ ಉಳಿಯಲಿ ಎಂದು. ಆ ಅಂಟು ಎಲ್ಲೋ ಒಂದು ಕಡೆ ಬಿಟ್ಟುಕೊಂಡರೆ ತೇವ ಒಳಗೆ ನುಸುಳುತ್ತದೆ. ಆಮೇಲೆ ಎರಡು ಗಾಜಿನ ನಡುವೆ ಮಬ್ಬು ಬಂದು ಕೂರುತ್ತದೆ. ಮನೆಯೊಳಗಿನಿಂದ ಒರೆಸಿದರೂ ಹೋಗುವುದಿಲ್ಲ, ಹೊರಗಿನಿಂದ ಒರೆಸಿದರೂ ಹೋಗುವುದಿಲ್ಲ. ಹಾಗೆಂದು ನಮ್ಮ ಅತ್ತೆ ಒರೆಸುವುದನ್ನು ಬಿಟ್ಟವರಲ್ಲ. ದಿನಾ ಬೆಳಿಗ್ಗೆ ಹಳೆಯ ಪೇಪರನ್ನು ಮುದ್ದೆ ಮಾಡಿಕೊಂಡು ರಟ್ಟೆ ನೋಯುವವರೆಗೆ ಉಜ್ಜಿ, "ಈಗ ಸ್ವಲ್ಪ ಪರವಾಗಿಲ್ಲ ಅಲ್ವಾ?" ಎನ್ನುತ್ತಿದ್ದರು. ಪರವಾಗಿಲ್ಲ ಎನ್ನುತ್ತಿದ್ದೆವು. ಎದುರಿನ ಬಸ್ ಸ್ಟಾಪಿನಲ್ಲಿ ನಿಂತವರು ಹಬೆಯಲ್ಲಿ ಬೇಯುತ್ತಿರುವವರಂತೆ ಕಾಣುತ್ತಿದ್ದರು.

ನಡುಮನೆಯಲ್ಲಿ ಎರಡು, ಮಲಗುವ ಕೋಣೆಯಲ್ಲಿ ಒಂದು, ಹೀಗೆ ಮೂರು ಜೋಡಿ ಕೆಟ್ಟಿದ್ದವು. ಚೌಕಟ್ಟು ಗಟ್ಟಿಯಾಗಿತ್ತು. ಗಾಜಿನ ಜೋಡಿಯನ್ನಷ್ಟೇ ಹೊಸದಾಗಿ ಮಾಡಿಸಿ ಕೂರಿಸಿದರೆ ಸಾಕಿತ್ತು. ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿರುವ ಗಾಜಿನಂಗಡಿಯ ಬಾಗಿಲ ಮೇಲೆ "ಅಳತೆ ನಿಮ್ಮದು, ಗಾಜು ನಮ್ಮದು" ಎಂದು ದೊಡ್ಡದಾಗಿ ಬರೆದಿತ್ತು. ಅವರೇ ಮನೆಗೆ ಬಂದು ಅಳೆಯಬೇಕಾದರೆ ಬೇರೆ ಚಾರ್ಜು. ಆ ಬೋರ್ಡು ನನ್ನ ಗಂಡನಿಗೆ ಯುದ್ಧಕ್ಕೆ ಕರೆದಂತೆ ಕೇಳಿಸಿತು.

"ಟೇಪು ಹಿಡಿಯೋಕೂ ಒಬ್ಬ ಆಳು ಬೇಕೇನೇ? ನನಗೇನು ಕೈಯಿಲ್ವಾ?"

ಕೈ ಇತ್ತು. ಆ ಕೈಯ ಕೆಲಸಗಳೂ ಮನೆ ತುಂಬ ಇದ್ದವು. ಅಡುಗೆಮನೆಯಲ್ಲಿ ಅವನು ಹೊಡೆದ ಶೆಲ್ಫಿನ ಮೇಲೆ ನಿಂಬೆಹಣ್ಣು ಇಟ್ಟರೆ ತಾನಾಗಿ ಉರುಳಿ ಕೆಳಗಿಳಿಯುತ್ತಿತ್ತು. ಅವನು ರಿಪೇರಿ ಮಾಡಿದ ನಲ್ಲಿಯನ್ನು ತಿರುಗಿಸಲು ಇಕ್ಕಳ ಬೇಕಿತ್ತು. ಬಚ್ಚಲಿನ ಬಾಗಿಲಿಗೆ ಅವನು ಚಿಲಕ ಹಾಕಿದ ಮೇಲೆ ಒಳಗಿದ್ದವರು ಹಾಡುತ್ತಿರಬೇಕೆಂಬ ನಿಯಮ ಬಂತು.

ಒಂದು ರಜೆಯ ದಿನ ಸ್ಟೂಲು ಹಾಕಿಕೊಂಡು ಅಳೆದ. ಜೋಡಿ ಗಾಜಿನ ಅಂಚು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಅದು ಎಲ್ಲ ಕಡೆಯೂ ಒಂದು ಬೆರಳಿನಷ್ಟು ಚೌಕಟ್ಟಿನೊಳಗೆ ಹೊಕ್ಕಿರುತ್ತದೆ. ಅದರ ಮೇಲೆ ಪಟ್ಟಿ, ಪಟ್ಟಿಯ ಅಂಚಿಗೆ ಕಪ್ಪು ರಬ್ಬರು. ಕಾಣುವುದು ಈ ರಬ್ಬರಿನಿಂದ ಆ ರಬ್ಬರಿನವರೆಗಿನ ಗಾಜು ಮಾತ್ರ. ಅವನು ಅಳೆದದ್ದೂ ಅಷ್ಟನ್ನೇ.

"ರಬ್ಬರಿನ ಹಿಂದೆಯೂ ಗಾಜು ಇರತ್ತಲ್ವಾ?" ಎಂದೆ. ಇಲ್ಲದಿದ್ದರೆ ಅದು ಯಾವ ಆಧಾರದ ಮೇಲೆ ನಿಂತಿದೆ ಎಂಬ ಸಣ್ಣ ಅನುಮಾನ ನನಗೆ. ಅವನು ಉತ್ತರ ಕೊಟ್ಟ. ಸ್ಟೂಲಿನ ಮೇಲೆ ನಿಂತಾಗ ಗಂಡಂದಿರು ಕೊಡುವಂಥ ಉತ್ತರ. ನಾನು ಟೇಪಿನ ಇನ್ನೊಂದು ತುದಿ ಹಿಡಿದು ಸುಮ್ಮನಾದೆ.

ಕಾಗದ ಹುಡುಕುವ ತಾಳ್ಮೆ ಅವನಿಗೆ ಎಂದೂ ಇರಲಿಲ್ಲ. ಅಳತೆಗಳನ್ನು ಬಾಲ್ ಪೆನ್ನಿನಲ್ಲಿ ಅಂಗೈಯ ಮೇಲೆ ಬರೆದುಕೊಂಡು, ಕೈ ತೊಳೆಯದೆ ಊಟ ಮಾಡಿ, ಹಾಗೇ ಅಂಗಡಿಗೆ ಹೋಗಿ ಅಂಗೈ ನೋಡಿಕೊಂಡು ಓದಿ ಹೇಳಿ ಬಂದ. ಅಂಗಡಿಯವನು ಅದನ್ನು ಸೀಮೆಸುಣ್ಣದಲ್ಲಿ ಕರಿಹಲಗೆಗೆ ಏರಿಸಿದ. ಅಲ್ಲಿ ಹಾಗೆಯೇ ಪದ್ಧತಿ. ಹಲಗೆ ನೋಡಿ ಗಾಜು ಕತ್ತರಿಸುತ್ತಾರೆ, ಕತ್ತರಿಸಿದ ಮೇಲೆ ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ.

ಆ ವಾರವೇ ಅವನು ಆಫೀಸಿನ ಮೆಟ್ಟಿಲ ಮೇಲೆ ಕುಸಿದು ಸತ್ತ. ಹೃದಯ ಎಂದರು. ವಯಸ್ಸು ಕೇಳಿದವರೆಲ್ಲ ಲೊಚಗುಟ್ಟಿದರು.

ಆಮೇಲೆ ನಮ್ಮ ಮನೆಗೆ ಒಬ್ಬ ಹೊಸ ಗಂಡಸು ಬಂದು ಸೇರಿದ. ಆತನಿಗೆ ನನ್ನ ಗಂಡನ ಹೆಸರೇ ಇತ್ತು, ಮುಖವೂ ಅದೇ. ಆದರೆ ಆತ ಕೋಪ ಮಾಡಿಕೊಂಡವನಲ್ಲ. ಒಬ್ಬರಿಗೂ ಎದುರು ಮಾತಾಡಿದವನಲ್ಲ. ಕೈಯಿಟ್ಟದ್ದೆಲ್ಲ ಚಿನ್ನ. ಸತ್ತ ಎಮ್ಮೆಗೆ ಕೊಡಗಟ್ಟಲೆ ಹಾಲು ಅನ್ನುತ್ತಾರಲ್ಲ, ಹಾಗೆ. ಅತ್ತೆ ಬಂದವರಿಗೆಲ್ಲ ಆತನನ್ನು ಪರಿಚಯಿಸುತ್ತಿದ್ದರು.

"ಈ ಶೆಲ್ಫು ನೋಡಿ. ಬೇಕೂಂತಲೇ ಓರೆ ಹೊಡೆದಿದ್ದ. ತೊಳೆದ ಪಾತ್ರೆ ಇಟ್ರೆ ನೀರು ತಾನಾಗಿ ಇಳಿದು ಹೋಗಲಿ ಅಂತ. ಅಷ್ಟು ಮುಂದಾಲೋಚನೆ ನನ್ನ ಕಂದನಿಗೆ."

"ಹೂಂ," ಎಂದು ಬಂದವರು ಶೆಲ್ಫನ್ನು ಕತ್ತು ಓರೆ ಮಾಡಿ ನೋಡುತ್ತಿದ್ದರು.

"ಜೋರಾಗಿ ಒಂದು ಮಾತಾಡಿದ್ದಿಲ್ಲ. ಕೇಳಿ ಬೇಕಾದ್ರೆ ಇವಳನ್ನ."

"ಹೂಂ," ಎನ್ನುತ್ತಿದ್ದೆ ನಾನು.

ವಿಶ್ವವಿದ್ಯಾಲಯದಲ್ಲಿ ಅಷ್ಟು ವರ್ಷ ಓದಿ ನಾನು ಕರಗತ ಮಾಡಿಕೊಳ್ಳದ್ದನ್ನು ಆ ದಿನಗಳು ಕಲಿಸಿದವು. ಹೂಂ ಅನ್ನುವುದರಲ್ಲಿ ಬಗೆಗಳಿವೆ. ಉಸಿರು ಬಿಟ್ಟು ಅಂದರೆ ದುಃಖ, ಉಸಿರು ಹಿಡಿದು ಅಂದರೆ ಸಹನೆ. ನಾನು ಬರಿಯ ಹೂಂ ಅನ್ನುತ್ತಿದ್ದೆ. "ಪಾಪ, ಕಲ್ಲಾಗಿಬಿಟ್ಟಿದಾಳೆ," ಎಂದು ಎದುರುಮನೆಯಾಕೆ ಬಾಗಿಲ ಹೊರಗೆ ಚಪ್ಪಲಿ ಮೆಟ್ಟುತ್ತ ಹೇಳಿದ್ದು ಕೇಳಿಸಿತು. ಕಲ್ಲಾಗಿರಲಿಲ್ಲ. ಅಳುವುದಕ್ಕೂ ಒಂದು ಗುರುತಿನ ಮುಖ ಬೇಕು. ಇವರು ಹೇಳುತ್ತಿದ್ದ ಮಹಾನುಭಾವನ ಜೊತೆ ನನಗೆ ಒಂದು ದಿನವೂ ಸಂಸಾರ ಮಾಡಿ ಗೊತ್ತಿರಲಿಲ್ಲ. ಗೊತ್ತಿದ್ದವನನ್ನು ಇವರು ದಿನಕ್ಕಿಷ್ಟು ಎಂದು ಉಜ್ಜಿ ಉಜ್ಜಿ ತೆಗೆಯುತ್ತಿದ್ದರು.

ಎಲ್ಲರೂ ಗಾಜಿನ ವಿಷಯ ಮರೆತಿದ್ದಾಗ ಅಂಗಡಿಯಿಂದ ಫೋನು ಬಂತು. ಮೂರು ಜೋಡಿ ರೆಡಿ, ಯಾವಾಗ ಬಂದು ಕೂರಿಸಲಿ?

ಅತ್ತೆ ಫೋನನ್ನು ಎದೆಗೊತ್ತಿಕೊಂಡರು. "ಅವನು ಮಾಡಿದ ಕೊನೇ ಕೆಲಸ ಕಣೇ," ಎಂದರು. "ಹೋಗೋ ಮುಂಚೆ ನನ್ನ ಕಣ್ಣಿಗೆ ಬೆಳಕು ಮಾಡಿಟ್ಟು ಹೋಗಿದಾನೆ." ತಕ್ಷಣ ದೊಡ್ಡ ಮಗನಿಗೆ ಬರಲು ಹೇಳಿದರು.

ದೊಡ್ಡ ಮಗ, ಅಂದರೆ ನನ್ನ ಭಾವ, ವಿಮೆ ಕಂಪನಿಯಲ್ಲಿ ಕ್ಲೇಮು ಪರಿಶೀಲಿಸುವ ಅಧಿಕಾರಿ. ಸುಟ್ಟುಹೋದ ಗೋದಾಮಿನ ಮುಂದೆ ನಿಂತು, ತಪ್ಪು ಯಾರದ್ದಾದರೂ ಆಗಲಿ, ಕಂಪನಿಯದ್ದಲ್ಲ ಎಂದು ಬೂದಿ ಆರುವ ಮೊದಲೇ ಸಾಬೀತು ಮಾಡಿ ಬಂದವರು. ಮನೆಗೂ ಅದೇ ಕಣ್ಣು ತರುತ್ತಿದ್ದರು.

ಗಾಜಿನಂಗಡಿಯವನು ಬೆಳಿಗ್ಗೆ ಬಂದ. ದುಂಡಗಿನ, ನಗುಮುಖದ ಮನುಷ್ಯ. ಯಾರು ಕೊನೆಗೆ ಮಾತಾಡಿದರೋ ಅವರ ಮಾತೇ ಅವನ ಮಾತು. ಹೊಸ ಗಾಜುಗಳನ್ನು ಗೋಡೆಗೆ ಒರಗಿಸಿ, ಕೂರಿಸುವ ಮೊದಲು ಕೈಕಟ್ಟಿ ನಿಂತು ಎರಡು ಮಾತು ಆಡಿದ.

"ಒಂದೇ ಸಲ ಅಂಗಡಿಗೆ ಬಂದಿದ್ರು ಮೇಡಂ. ಆದ್ರೆ ಏನು ತೇಜಸ್ಸು ಅಂತೀರಿ! ಅಳತೆ ಹೇಳಿದ ರೀತಿ ನೋಡೇ ಅಂದ್ಕೊಂಡೆ, ಇವರು ಸಾಮಾನ್ಯರಲ್ಲ ಅಂತ."

"ಎಲ್ಲ ಕರಾರುವಾಕ್ಕು ಅವನದು," ಎಂದರು ಭಾವ.

"ಕರಾರುವಾಕ್ಕು ಸಾರ್, ಕರಾರುವಾಕ್ಕು."

ಅವನು ಉಳಿಯನ್ನು ಪಟ್ಟಿಯ ಸಂದಿಗೆ ಕೊಟ್ಟು ಮೀಟಿ ನಾಲ್ಕೂ ಪಟ್ಟಿ ಕಳಚಿದ. ಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಬಟ್ಟಲಿನ ಹಿಡಿಗಳನ್ನು ಒತ್ತಿ, ಹಳೆಯ ಮಬ್ಬು ಜೋಡಿಯನ್ನು ಒಂದೇ ತುಂಡಾಗಿ ಎತ್ತಿ ಕೆಳಗಿಳಿಸಿದ. ಕಿಟಕಿ ಬರೀ ತೂತಾಯಿತು. ಬೀದಿ ಇದ್ದಕ್ಕಿದ್ದಂತೆ ಒಳಗೆ ಬಂತು. ಬಸ್ಸಿನ ಹೊಗೆ, ಯಾರೋ ಯಾರನ್ನೋ ಕೂಗಿ ಕರೆದದ್ದು, ತಣ್ಣನೆ ಗಾಳಿ. ಅತ್ತೆ ಸೆರಗು ಬಿಗಿ ಮಾಡಿಕೊಂಡು ಮಗನ ಗಾಜಿಗಾಗಿ ಕಾದರು.

ಅಂಗಡಿಯವನು ಹೊಸ ಜೋಡಿಯನ್ನು ಎತ್ತಿ ಚೌಕಟ್ಟಿಗೆ ಇಟ್ಟ. ಅದು ಒಳಗೆ ಹೋಯಿತು. ಹೋಗಿ ಆ ಕಡೆಯಿಂದ ಹೊರಗೂ ಹೋಗಲು ನೋಡಿತು. ಅವನು ಗಬಕ್ಕನೆ ಎಳೆದುಕೊಂಡ. ಸುತ್ತಲೂ ಬೆರಳು ತೂರುವಷ್ಟು ಸಂದು. ಅಪ್ಪನ ಅಂಗಿಯೊಳಗೆ ನಿಂತ ಮಗುವಿನ ಹಾಗೆ ಗಾಜು ಆ ಚೌಕಟ್ಟಿನಲ್ಲಿ ನಿಂತಿತ್ತು. ಎರಡನೆಯದನ್ನು ಇಟ್ಟು ನೋಡಿದ. ಅದೂ ಅಷ್ಟೇ. ಮೂರನೆಯದನ್ನು ಮಲಗುವ ಕೋಣೆಗೆ ಒಯ್ದು ಬೇಗನೆ ವಾಪಸು ತಂದ.

ರಬ್ಬರಿನಿಂದ ರಬ್ಬರಿಗೆ, ಎಂದುಕೊಂಡೆ ನಾನು. ನನ್ನ ಗಂಡ, ನನಗೆ ಗೊತ್ತಿದ್ದವನು, ಸತ್ತ ಮೇಲೆ ಆ ಮನೆಗೆ ಬಂದದ್ದು ಅದೇ ಮೊದಲ ಸಲ.

"ಚೌಕಟ್ಟು ಬಿಸಿಲಿಗೆ ಹಿಗ್ಗಿರಬೇಕು," ಎಂದರು ಭಾವ ಕೊನೆಗೆ.

"ಹಿಗ್ಗತ್ತೆ ಸಾರ್. ಹಿಗ್ಗೋದೇ ಅದರ ಗುಣ," ಎಂದ ಅಂಗಡಿಯವನು.

"ಹಳೇ ಗಾಜು ಸರಿಯಾಗಿ ಕೂತಿತ್ತಲ್ಲ?" ಎಂದೆ.

"ಅದೂ ಜೊತೆಗೇ ಹಿಗ್ಗಿರತ್ತಮ್ಮ. ನಿನಗೆ ಗೊತ್ತಾಗಲ್ಲ, ಟೆಕ್ನಿಕಲ್ಲು," ಎಂದರು ಭಾವ. "ಒಂದು ಕೆಲಸ ಮಾಡಿ. ಸುತ್ತ ಮರದ ಪಟ್ಟಿ ಹೊಡೆದು ಸಂದು ಮುಚ್ಚಿ."

"ಹೊಡೆಯೋಣ ಸಾರ್. ಚೆನ್ನಾಗೇ ಕಾಣತ್ತೆ. ಫೋಟೋಗೆ ಕಟ್ಟು ಹಾಕಿಸಿದ ಹಾಗೆ."

"ತೇಪೆ ಹಾಕ್ತೀರಾ?" ಎಂದರು ಅತ್ತೆ. "ನನ್ನ ಮಗನ ಗಾಜಿಗೆ ತೇಪೆ ಹಾಕ್ತೀರಾ? ನೋಡಿದವರು ಏನಂತಾರೆ? ಅಳತೆ ತಪ್ಪಿದ್ದ ಅನ್ನಲ್ವಾ?"

ಆ ಮಾತು ನಡುಮನೆಯಲ್ಲಿ ಬಿದ್ದು ಅಲ್ಲೇ ಉಳಿಯಿತು. ಅಳತೆ ತಪ್ಪಿದ್ದ ಎಂಬುದನ್ನು ಬಿಟ್ಟು ಉಳಿದ ಎಲ್ಲ ಸಾಧ್ಯತೆಗಳನ್ನೂ ನಾಲ್ವರೂ ಒಂದೊಂದಾಗಿ ಯೋಚಿಸಿದೆವು. ಅಂಗಡಿಯವನಿಗೆ ಮೊದಲು ಹೊಳೆಯಿತು.

"ಕತ್ತರಿಸೋಳು ಒಬ್ಬಳಿದಾಳೆ ಸಾರ್ ನಮ್ಮಲ್ಲಿ. ವಜ್ರಕ್ಕ ಅಂತ. ಕೆಲಸಕ್ಕಿಂತ ಬಾಯಿಯೇ ಜಾಸ್ತಿ. ಅವಳೇ ಎಡವಟ್ಟು ಮಾಡಿರ್ತಾಳೆ."

ಭಾವನ ಮುಖ ಅರಳಿತು. ಬೂದಿಯಲ್ಲಿ ಬೀಡಿ ತುಂಡು ಸಿಕ್ಕಾಗ ಅವರ ಮುಖ ಹೀಗೇ ಆಗುತ್ತಿತ್ತೇನೋ. "ಹಲಗೆ ಮೇಲೆ ಬರೆದಿದ್ರಲ್ಲ, ಇದೆಯಾ ಅದು?"

"ಒರೆಸಿಬಿಡ್ತೀವಿ ಸಾರ್."

"ಅಂದ್ರೆ ಅವಳ ಹತ್ತಿರ ಪುರಾವೆ ಇಲ್ಲ."

"ಇಲ್ಲ ಸಾರ್. ಯಾರ ಹತ್ತಿರಾನೂ ಇಲ್ಲ."

ಇದ್ದದ್ದು ಒಂದು ಅಂಗೈಯ ಮೇಲೆ. ಆ ಅಂಗೈ ಈಗ ಇಲ್ಲ.

"ಮೂರು ಜೋಡಿ ಗಾಜು ಹಾಳು ಮಾಡಿದ್ದು ಸಣ್ಣ ವಿಷಯ ಅಲ್ಲ," ಎಂದರು ಭಾವ. "ಅಂಥೋರನ್ನ ಇಟ್ಕೋಬಾರ್ದು."

"ತೆಗೆದುಬಿಡ್ತೀನಿ ಸಾರ್. ನಾಳೆ ನೀವೇ ಅಂಗಡಿಗೆ ಬನ್ನಿ, ನಿಮ್ಮೆದುರಿಗೇ ಕೇಳ್ತೀನಿ. ಹೊಸ ಗಾಜಿನ ಖರ್ಚು ಅವಳ ಸಂಬಳದಲ್ಲಿ ಹೊಂದಿಸ್ಕೋತೀನಿ. ನಿಮಗೆ ಒಂದು ಪೈಸೆ ಇಲ್ಲ."

ಹಳೆಯ ಮಬ್ಬು ಜೋಡಿಯನ್ನೇ ಮತ್ತೆ ಕೂರಿಸಿ, ಹೊಸ ಮೂರನ್ನೂ ಹೊತ್ತುಕೊಂಡು ಹೋದ. ಬಸ್ ಸ್ಟಾಪಿನವರು ಮತ್ತೆ ಬೇಯತೊಡಗಿದರು.

ಮಧ್ಯಾಹ್ನ ಅತ್ತೆ ತರಕಾರಿ ಹೆಚ್ಚುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತೆ.

"ಆ ಹೆಂಗಸಿನದ್ದು ತಪ್ಪು ಇರಲಾರದು ಅತ್ತೆ," ಎಂದೆ.

"ಮತ್ತೆ ಯಾರದು?"

ಚಾಕು ನಿಂತಿತು. ಅವರು ತಲೆ ಎತ್ತಲಿಲ್ಲ. ಹೇಳಲು ನನ್ನ ಹತ್ತಿರ ಒಂದೇ ಹೆಸರಿತ್ತು. ಅದನ್ನು ಆ ಮನೆಯಲ್ಲಿ ಈಗ ಬೇರೆ ಒಬ್ಬಾತ ಇಟ್ಟುಕೊಂಡಿದ್ದ.

"ಯಾರದೋ," ಎಂದೆ.

"ನನಗಿರೋದು ಅವನ ಹೆಸರೊಂದೇ ಕಣೇ," ಎಂದರು ಅತ್ತೆ. ಚಾಕು ಮತ್ತೆ ಶುರುವಾಯಿತು, ಮೊದಲಿಗಿಂತ ಸಣ್ಣದಾಗಿ.

ಅವರದ್ದು ನ್ಯಾಯವೇ. ಒಬ್ಬ ಮಗನ ಹೆಸರು ಉಳಿಯುತ್ತದೆ, ಗುರುತಿಲ್ಲದ ಒಬ್ಬ ಹೆಂಗಸಿನ ಕೆಲಸ ಹೋಗುತ್ತದೆ. ನಮ್ಮ ಮನೆಗೆ ಒಂದು ಪೈಸೆ ಖರ್ಚಿಲ್ಲ. ಇಷ್ಟು ಅಗ್ಗವಾಗಿ ಯಾರೂ ದೇವರಾಗಿರಲಿಕ್ಕಿಲ್ಲ.

ಮರುದಿನ ಮೂವರೂ ಹೊರಟೆವು. ಅತ್ತೆಯನ್ನು ಮನೆಯಲ್ಲೇ ಇರಿ ಎಂದರೆ ಕೇಳಲಿಲ್ಲ. "ಅವಳು ಏನಂತಾಳೋ ನಾನೂ ಕೇಳ್ಬೇಕು," ಎಂದು ಒಳ್ಳೆಯ ಸೀರೆ ಉಟ್ಟುಕೊಂಡರು. ಭಾವ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದರು. ಕಂಪನಿಯ ಕೆಲಸಕ್ಕೆ ಹಿಡಿಯುವ ಚರ್ಮದ ಚೀಲವೂ ಕೈಯಲ್ಲಿತ್ತು. ಅದರಲ್ಲಿ ಏನೂ ಇರಲಿಲ್ಲ.

ಅಂಗಡಿಯ ಒಳಗೆ ಉದ್ದನೆಯ ಮೇಜು, ಅದರ ಮೇಲೆ ಸವೆದ ಜಮಖಾನ. ಗೋಡೆಯುದ್ದಕ್ಕೂ ಗಾಜಿನ ಹಾಳೆಗಳು ಪುಸ್ತಕದಂತೆ ನಿಂತಿದ್ದವು, ನಡುನಡುವೆ ಬಿರಡೆಯ ಚೂರುಗಳು. ಅಂಟಿನ ವಾಸನೆ. ಮೂಲೆಯಲ್ಲಿ ನಮ್ಮ ಮೂರು ಜೋಡಿಗಳು ಪರೀಕ್ಷೆಯಲ್ಲಿ ಫೇಲಾದವರಂತೆ ಗೋಡೆಗೆ ಮುಖ ಮಾಡಿ ನಿಂತಿದ್ದವು.

ಮೇಜಿನ ಹತ್ತಿರ ನರೆತ ಕೂದಲಿನ, ಗಟ್ಟಿ ಮೈಕಟ್ಟಿನ ಹೆಂಗಸೊಬ್ಬಳು ಅಳತೆಕೋಲಿನ ಅಂಚಿಗೆ ಗಾಜು ಕೊಯ್ಯುವ ಕಡ್ಡಿ ಒತ್ತಿ ಗೆರೆ ಎಳೆಯುತ್ತಿದ್ದಳು. ಆ ಕಡ್ಡಿಯ ಮೊನೆಯಲ್ಲಿ ವಜ್ರದ ಚೂರು ಇರುವುದರಿಂದಲೇ ಅವಳಿಗೆ ವಜ್ರಕ್ಕ ಎಂಬ ಹೆಸರು. ಕೈಗವಸಿನ ಬೆರಳ ತುದಿಗಳನ್ನು ಕತ್ತರಿಸಿ ತೆಗೆದಿದ್ದಳು. ಗೆರೆ ಎಳೆದು, ಗಾಜನ್ನು ಮೇಜಿನಂಚಿಗೆ ತಂದು, ಒಮ್ಮೆ ಒತ್ತಿದಳು. ಟಕ್ ಎಂದು ಎರಡಾಯಿತು. ಆಮೇಲೆ ನಮ್ಮನ್ನು ನೋಡಿದಳು.

"ಇವರೇ," ಎಂದ ಅಂಗಡಿಯವನು. "ನೀನು ಹಾಳು ಮಾಡಿದ ಗಾಜಿನವರು."

"ನಾನು ಹಾಳು ಮಾಡಿದ್ದಾ?" ವಜ್ರಕ್ಕ ತುಂಡನ್ನು ಪಕ್ಕಕ್ಕಿಟ್ಟಳು. "ನೀನು ಹಲಗೆ ಮೇಲೆ ಬರೆದೆ, ನಾನು ಕತ್ತರಿಸಿದೆ. ನೀನು ಬರೆದಷ್ಟೇ ಕತ್ತರಿಸಿದೆ. ಪ್ರೀತಿಗೆ ಅಂತ ಒಂದೆರಡು ಬೆರಳು ಜಾಸ್ತಿ ಇಡೋಕೆ ಇದೇನು ಬಟ್ಟೆಯಾ?"

"ನೋಡಿ ಸಾರ್, ಹೇಳಿದ್ನಲ್ಲ, ಬಾಯಿ."

ಭಾವ ಮುಂದೆ ಬಂದರು. "ನೋಡಮ್ಮ, ಕೂಗಾಡೋದು ಬೇಡ. ಅಳತೆ ತೆಗೆದದ್ದು ನನ್ನ ತಮ್ಮ. ಅವನು ತಪ್ಪೋ ಮನುಷ್ಯನೇ ಅಲ್ಲ. ಅಲ್ಲಿಗೆ ಉಳಿದೋರು ಯಾರು? ನೀವೇ. ಕೈ ತಪ್ಪೋದು ಸಹಜ. ಒಪ್ಕೊಂಡ್ರೆ ಮುಗೀತು."

"ನನ್ನ ಕೈ ತಪ್ಪಿದ್ರೆ ನನ್ನ ಬೆರಳು ಹೋಗತ್ತೆ ಸ್ವಾಮಿ, ನಿಮ್ಮ ಗಾಜಲ್ಲ." ಹತ್ತೂ ಬೆರಳನ್ನು ಅವರ ಮುಖದೆದುರು ಹಿಡಿದಳು. "ಎಣಿಸ್ಕೊಳ್ಳಿ. ತಪ್ಪದೇ ಇರೋ ನಿಮ್ಮ ತಮ್ಮನ್ನೇ ಕರ್ಕೊಂಡು ಬನ್ನಿ, ಕೇಳೋಣ."

ಅಂಗಡಿಯವನು ಅವಳಿಗೆ ಕಣ್ಣು ಮಾಡಿದ. ಅವಳಿಗೆ ಯಾರೂ ಹೇಳಿರಲಿಲ್ಲ.

"ಅವನು ಇಲ್ಲ," ಎಂದರು ಅತ್ತೆ.

ವಜ್ರಕ್ಕ ಕೈ ಕೆಳಗಿಳಿಸಿದಳು. ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಅವಳ ದನಿ ಇಳಿಯಿತು, ಆದರೆ ಮಾತು ಇಳಿಯಲಿಲ್ಲ.

"ಕೇಳಿ ಕರುಳು ಚುರುಕ್ ಅಂತು ಅಮ್ಮಾ. ಆದ್ರೆ ನಿಮ್ಮ ಮಗ ಹೋದದ್ದು ನನ್ನಿಂದ ಅಲ್ಲ."

"ಅದನ್ನೇ ನೆಪ ಮಾಡ್ಬೇಡ," ಎಂದ ಅಂಗಡಿಯವನು. "ಇವತ್ತೇ ಲೆಕ್ಕ ಮುಗಿಸ್ತೀನಿ. ನಾಳೆಯಿಂದ ಬರೋದು ಬೇಡ."

"ನೋಡಿ, ನ್ಯಾಯ ಅಂದ್ರೆ ಇದು," ಎಂದರು ಭಾವ, ಖಾಲಿ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತ.

ವಜ್ರಕ್ಕ ಜಗಳ ಮುಂದುವರಿಸುತ್ತಾಳೆ ಅಂದುಕೊಂಡಿದ್ದೆ. ಮುಂದುವರಿಸಲಿಲ್ಲ. ಒಂದು ಕೈಗವಸು ಬಿಚ್ಚಿ ಜಮಖಾನದ ಮೇಲಿಟ್ಟಳು. ಅವಳ ಅಂಗೈಯಲ್ಲಿ ಹಳೆಯ ಗಾಯದ ಗೆರೆಗಳು ಅಡ್ಡಾದಿಡ್ಡಿ ಓಡಿದ್ದವು. ಎರಡನೆಯದನ್ನು ಬಿಚ್ಚಲು ಹಲ್ಲಿನಿಂದ ಕಚ್ಚಿ ಎಳೆಯತೊಡಗಿದಳು. ಈಗ ಹೂಂ ಅಂದರೆ ಸಾಕಿತ್ತು. ಅನ್ನದೇ ಇದ್ದರೂ ಸಾಕಿತ್ತು. ಬಾಯಿ ಮುಚ್ಚಿಕೊಂಡಿದ್ದರೂ ಅದನ್ನು ಹೂಂ ಎಂದೇ ಎಲ್ಲರೂ ತಿಳಿಯುವ ಹಂತಕ್ಕೆ ನಾನು ಬಂದು ಮುಟ್ಟಿದ್ದೆ.

"ತಪ್ಪು ಅಳೆದದ್ದು ಅವರೇ," ಎಂದೆ.

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ನನ್ನ ದನಿ ಕೇಳಿ ಅವರಿಗೆಲ್ಲ ಬಹಳ ದಿನವಾಗಿತ್ತು.

"ಯಾರೇ?" ಎಂದರು ಅತ್ತೆ.

"ನಿಮ್ಮ ಮಗ. ರಬ್ಬರಿನಿಂದ ರಬ್ಬರಿಗೆ ಅಳೆದ್ರು. ಕಾಣೋ ಗಾಜಷ್ಟೇ. ಟೇಪಿನ ಇನ್ನೊಂದು ತುದಿ ಹಿಡ್ಕೊಂಡಿದ್ದದ್ದು ನಾನೇ."

"ಏನಮ್ಮಾ ನೀನು!" ಭಾವ ಸುತ್ತ ನೋಡಿ ದನಿ ತಗ್ಗಿಸಿದರು. "ಸತ್ತವನ ಮೇಲೆ ಹೇಳೋದಾ? ಉತ್ತರ ಕೊಡೋಕೆ ಅವನಿಲ್ಲ ಅಂತ ಧೈರ್ಯವಾ?"

"ಇದ್ದಾಗಲೇ ಹೇಳಿದ್ದೆ ಭಾವ. ಆಗಲೇ ಉತ್ತರ ಕೊಟ್ಟಿದ್ರು."

"ಹೊರಗಿನೋರ ಎದುರಿಗೆ ಮನೆ ಮರ್ಯಾದೆ..."

"ನೀನು ಸ್ವಲ್ಪ ಸುಮ್ನಿರು," ಎಂದರು ಅತ್ತೆ, ಮಗನಿಗೆ. ನನ್ನ ಹತ್ತಿರ ಬಂದರು. ಒಳ್ಳೆಯ ಸೀರೆಯಲ್ಲಿ ಅವರು ಯಾರದೋ ಮನೆಯ ದೊಡ್ಡಮ್ಮನ ಹಾಗೆ ಕಾಣುತ್ತಿದ್ದರು. ಹೊಡೆಯುತ್ತಾರೇನೋ ಅನ್ನಿಸಿತು. ಹೊಡೆದರೆ ಹೊಡೆಯಲಿ ಎಂದೂ ಅನ್ನಿಸಿತು.

"ನೀನು ಹೇಳಿದ್ಯಾ ಅವನಿಗೆ?"

"ರಬ್ಬರಿನ ಹಿಂದೆಯೂ ಗಾಜು ಇರತ್ತಲ್ವಾ ಅಂತ ಕೇಳ್ದೆ."

"ಅದಕ್ಕೆ ಏನಂದ?"

ನಾನು ವಜ್ರಕ್ಕನ ಕಡೆ ನೋಡಿದೆ. ಕೈಗವಸು ಇನ್ನೂ ಅವಳ ಹಲ್ಲಿನ ನಡುವೆ ಇತ್ತು.

"'ನೀನು ಎಂ.ಎ. ಮಾಡಿದ್ದು ಇತಿಹಾಸದಲ್ಲಿ, ಕಿಟಕಿಯಲ್ಲಲ್ಲ. ಬಾಯಿ ಮುಚ್ಕೊಂಡು ಟೇಪು ಹಿಡ್ಕೋ' ಅಂದ್ರು. ಆಮೇಲೆ ಸ್ಟೂಲಿನಿಂದ ಇಳಿಯುವಾಗ ನನ್ನ ಕಾಲು ತುಳಿದ್ರು. ತುಳಿದು, 'ಕಾಲು ಯಾಕೆ ಅಲ್ಲಿಟ್ಟಿದ್ದೆ?' ಅಂತ ನನಗೇ ಬೈದ್ರು."

ಅತ್ತೆಯ ಬಾಯಿಯ ಒಂದು ಮೂಲೆ ನಡುಗಿತು. ಅಳು ಎಂದುಕೊಂಡೆ. ಅದು ಅಳುವಾಗಿರಲಿಲ್ಲ, ಪೂರ್ತಿ ನಗುವೂ ಆಗಿರಲಿಲ್ಲ.

"ಹೌದು," ಎಂದರು. "ಹಾಗೇ ಅಂತಾನೆ. ಅವನೇ ತುಳೀತಾನೆ, ಅವನೇ ಬೈತಾನೆ." ಮೂಲೆಯಲ್ಲಿ ನಿಂತ ಮೂರು ಜೋಡಿಗಳ ಹತ್ತಿರ ಹೋಗಿ ಒಂದರ ನೆತ್ತಿಯ ಮೇಲೆ ಕೈಯಿಟ್ಟರು. "ಕತ್ತೆ," ಎಂದರು. "ಹೇಳಿದ್ದು ಕೇಳಬಾರದಿತ್ತೇನೋ, ಕತ್ತೆ."

ಆ ಕರೆ ಕೇಳಿ ಎಷ್ಟು ದಿನವಾಗಿತ್ತು! ಅವನು ಬದುಕಿದ್ದಾಗ ನಮ್ಮ ಮನೆಯಲ್ಲಿ ಬೆಳಕು ಹರಿಯುತ್ತಿದ್ದದ್ದೇ ಆ ಶಬ್ದದಿಂದ.

ಅಂಗಡಿಯವನು ಗಂಟಲು ಸರಿಮಾಡಿಕೊಂಡ. "ನನಗೆ ಆಗಲೇ ಅನುಮಾನ ಇತ್ತು ಮೇಡಂ. ಅಂಗೈ ನೋಡ್ಕೊಂಡು ಅಳತೆ ಹೇಳಿದೋರು ಇವರೊಬ್ರೇ. ಅದೂ ಬೆವರಿ ಅರ್ಧ ಅಳಿಸಿಹೋಗಿತ್ತು."

"ಹೊಸದಕ್ಕೆ ನಾವೇ ಕೊಡ್ತೀವಿ," ಎಂದೆ. "ಇವರನ್ನ ಕೆಲಸದಿಂದ ತೆಗೆಯೋ ಹಾಗಿಲ್ಲ."

"ಛೆ ಛೆ, ತೆಗೆಯೋದಾ? ವಜ್ರಕ್ಕ ಇಲ್ದಿದ್ರೆ ಈ ಅಂಗಡಿ ಎಲ್ಲಿ ಮೇಡಂ? ನನ್ನ ಬಲಗೈ ಇದ್ದ ಹಾಗೆ."

ಬಲಗೈ ಅವನನ್ನು ಒಮ್ಮೆ ನೋಡಿತು. ಆಮೇಲೆ ವಜ್ರಕ್ಕ ಕೈಗವಸನ್ನು ಮತ್ತೆ ಹಾಕಿಕೊಂಡಳು. ನನಗೆ ಥ್ಯಾಂಕ್ಸ್ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಹಿಂದಿನ ದಿನವೇ ನಡುಮನೆಯಲ್ಲಿ ನಾನು ಆಡಬೇಕಿದ್ದ ಮಾತಿಗೆ ಅವಳು ಇಲ್ಲಿಯವರೆಗೆ ಕಾಯಬೇಕಾಯಿತು. "ಈ ಸಲ ಅಳೆಯೋಕೆ ನಮ್ಮೋರೇ ಬರ್ತಾರೆ," ಎಂದಳು. "ಇಲ್ಲಾ ಮನೇಲಿ ಇನ್ನೂ ಯಾರಾದ್ರೂ ಜಾಣರು ಉಳಿದಿದಾರಾ?"

ಭಾವ ಬಾಯಿ ತೆರೆದರು.

"ಯಾರೂ ಇಲ್ಲ," ಎಂದರು ಅತ್ತೆ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆಗೂ ನನಗೂ ಒಂದು ಸೀಟು ಸಿಕ್ಕಿತು. ಭಾವ ಎದುರಿನ ಸೀಟಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮುಖ ಊದಿಸಿ ಕುಳಿತರು. ಎರಡು ಸ್ಟಾಪು ದಾಟಿದವು. ಆಮೇಲೆ ಅತ್ತೆ, ಯಾರೋ ಕೇಳಿದ ಪ್ರಶ್ನೆಗೆ ಉತ್ತರಿಸುವವರಂತೆ ಶುರುಮಾಡಿದರು.

"ಆರನೇ ಕ್ಲಾಸಿನಲ್ಲಿ ನನ್ನ ಸಹಿ ತಾನೇ ಹಾಕ್ಕೊಂಡು ಹೋಗಿದ್ದ. ನನ್ನ ಹೆಸರೇ ತಪ್ಪು ಬರೆದಿದ್ದ, ಪಾಪಿ."

"ಹೂಂ?" ಎಂದೆ. ಈ ಹೂಂ ಬೇರೆ ಥರದ್ದು.

"ಮನೆಗೆ ಬಂದೋರ ಚಪ್ಪಲಿ ಅದಲುಬದಲು ಮಾಡಿಡ್ತಿದ್ದ. ನಿಮ್ಮ ಮಾವ ಒಂದು ಸಲ ಯಾರದೋ ಹೆಂಗಸಿನ ಚಪ್ಪಲಿ ಮೆಟ್ಕೊಂಡು ಆಫೀಸಿಗೆ ಹೋಗಿದ್ರು. ಆಮೇಲೆ ಆ ಪಕ್ಕದ ಮನೆಯವರ ಸೈಕಲ್ಲು. ಕೇಳದೇ ತಗೊಂಡು ಹೋಗಿ ಮೋರಿಗೆ ಬೀಳಿಸಿ, ಏನೂ ಆಗೇ ಇಲ್ಲ ಅನ್ನೋ ಹಾಗೆ ತಂದು ನಿಲ್ಸಿದ್ದ."

"ಅದು ನಾನಮ್ಮಾ," ಎಂದರು ಭಾವ ಎದುರಿನ ಸೀಟಿನಿಂದ.

"ನೀನಲ್ಲ, ಅವನೇ."

"ಇಲ್ಲಮ್ಮಾ, ಮೋರಿಗೆ ಬಿದ್ದೋನು ನಾನು. ಮೊಣಕಾಲಲ್ಲಿ ಇನ್ನೂ ಗುರುತಿದೆ."

"ನಿನಗೆಲ್ಲಿತ್ತೋ ಅಷ್ಟು ಧೈರ್ಯ? ಸುಮ್ನೆ ಕೂತ್ಕೋ. ಅದು ಅವನದ್ದೇ."

ಭಾವ ಮೊಣಕಾಲು ಸವರಿಕೊಂಡರು. ತಪ್ಪು ತನ್ನದಲ್ಲ ಎಂದು ತೀರ್ಮಾನವಾದಾಗ ಅವರಿಗೆ ಬೇಸರವಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಿನ್ನೆಯವರೆಗೆ ಊರಿನ ಗುಣವೆಲ್ಲ ಅವನ ಪಾಲಿಗೆ ಬಂದಿತ್ತು. ಈಗ ಪುಂಡಾಟವೆಲ್ಲ ಬರತೊಡಗಿತ್ತು. ಈ ವೇಗದಲ್ಲಿ ಹೋದರೆ ಸಂಜೆಯ ಹೊತ್ತಿಗೆ ಅವನು ಪಕ್ಕಾ ಪೋಕರಿಯಾಗುವುದರಲ್ಲಿ ಅನುಮಾನವಿರಲಿಲ್ಲ. ಇರಲಿ. ಉತ್ಪ್ರೇಕ್ಷೆ ಎರಡೂ ಕಡೆಯದೇ, ಆದರೆ ಈ ಕಡೆಯವನ ಮುಖ ನನಗೆ ಪರಿಚಯವಿತ್ತು.

"ನನಗೂ ಒಂದು ಗೊತ್ತು ಅತ್ತೆ," ಎಂದೆ.

ಅವರು ಸೀಟಿನಲ್ಲಿ ಪೂರ್ತಿ ನನ್ನ ಕಡೆ ತಿರುಗಿ ಕುಳಿತರು. "ಹೇಳು."

"ನಮ್ಮ ಮದುವೆಯಾದ ಹೊಸದರಲ್ಲಿ..." ಎಂದೆ. ಅಷ್ಟಕ್ಕೇ ಕಣ್ಣು, ಮೂಗು, ಎಲ್ಲ ಒಟ್ಟಿಗೇ ಒದ್ದೆಯಾದವು, ಬಸ್ಸಿನ ತುಂಬ ಜನರಿದ್ದರು. ಅತ್ತೆ ಸಮಾಧಾನ ಹೇಳಲಿಲ್ಲ. ಸೆರಗಿನ ತುದಿ ಕೊಟ್ಟು ಕಾದರು. ಮೂಗು ಒರೆಸಿಕೊಂಡು, ಭಾವನಿಗೂ ಕೇಳಿಸಲಿ ಎಂದು ಸ್ವಲ್ಪ ಜೋರಾಗಿಯೇ, ಮೊದಲಿನಿಂದ ಶುರುಮಾಡಿದೆ.